ಕೆಮ್ಮು-ಜ್ವರದ ಲೆಕ್ಕ ಹಿಡಿಯಲು ಯಾವ ದಾರಿ? ಮೈಸೂರು, ಮಂಡ್ಯಕ್ಕೊಂದು ಹೋಲಿಕೆ

ದಸರೆ ಮುಗಿದ ವಾರ ಮೈಸೂರಿನ ಯಾವ ಕ್ಲಿನಿಕ್ಕಿಗೆ ಹೋದರೂ ಕೆಮ್ಮುವವರ ಸಾಲು ಕಾಣುತ್ತದೆ. ಜಂಬೂಸವಾರಿಯ ಜನಸಂದಣಿಯೇ ಕಾರಣ ಎನ್ನುವವರಿದ್ದಾರೆ, ಹವೆ ಬದಲಾಯಿತು ಎನ್ನುವವರೂ ಇದ್ದಾರೆ. ಭಾರತದಲ್ಲಿ ಫ್ಲೂ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲ ಇಳಿಯುವ ಹೊತ್ತಿಗೆ ಇನ್ನೊಮ್ಮೆ. ದಸರೆ ಬೀಳುವುದು ಆ ಎರಡನೆಯ ಏರಿಕೆಯ ಆಸುಪಾಸಿನಲ್ಲಿ. ಹಾಗಾದರೆ ಸಂದಣಿಯ ಪಾಲೆಷ್ಟು, ಋತುವಿನ ಪಾಲೆಷ್ಟು? ಹೇಳಬೇಕಾದರೆ ಆಗಸ್ಟ್‌ನಿಂದಲೇ ಲೆಕ್ಕ ಹಿಡಿದಿರಬೇಕು, ಹಿಂದಿನ ಎರಡು-ಮೂರು ವರ್ಷಗಳ ಲೆಕ್ಕವೂ ಪಕ್ಕದಲ್ಲಿರಬೇಕು. ಅದಿಲ್ಲದೆ ಆಡುವ ಮಾತೆಲ್ಲ ಊಹೆ.

ಆ ಲೆಕ್ಕ ಹಿಡಿಯುವ ದಾರಿಗಳು ಹಲವು. ತಾಲ್ಲೂಕು ಆರೋಗ್ಯಾಧಿಕಾರಿಯ ಕಚೇರಿಯಲ್ಲಿರುವವರು, ಸಮುದಾಯ ವೈದ್ಯಶಾಸ್ತ್ರ ಓದುತ್ತಿರುವವರು, ಕಾರ್ಖಾನೆ ಅಥವಾ ಹಾಸ್ಟೆಲ್‌ಗಳ ಆರೋಗ್ಯ ನೋಡಿಕೊಳ್ಳುವವರು ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು ಎಂಬುದನ್ನು ನೋಡೋಣ. ಶುರುವಿನಲ್ಲೇ ಒಂದು ಮಾತು: ಮೂರು ಜನ ಮೂರು ಪ್ರಶ್ನೆ ಕೇಳುತ್ತಾರೆ. ಸೋಂಕು ಏರುತ್ತಿದೆಯೇ ಎಂದು ಜಿಲ್ಲಾ ಸರ್ವೇಕ್ಷಣಾಧಿಕಾರಿ ಕೇಳುತ್ತಾರೆ. ಎಷ್ಟು ಹಾಸಿಗೆ, ಎಷ್ಟು ಆಮ್ಲಜನಕ ಬೇಕಾದೀತು ಎಂದು ಆಸ್ಪತ್ರೆಯ ಅಧೀಕ್ಷಕರು ಕೇಳುತ್ತಾರೆ. ಓಡಾಡುತ್ತಿರುವುದು ಯಾವ ವೈರಾಣು ಎಂದು ಪ್ರಯೋಗಾಲಯದವರು ಕೇಳುತ್ತಾರೆ. ಮೂವರಿಗೂ ಒಂದೇ ಉಪಕರಣ ಕೊಡುತ್ತೇನೆ ಎಂದು ಯಾರಾದರೂ ಬಂದರೆ ಅವರು ಏನನ್ನೋ ಮಾರಲು ಬಂದಿದ್ದಾರೆ ಎಂದೇ ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ಚೌಕಟ್ಟು ಕೂಡ ಉಸಿರಾಟದ ಸೋಂಕುಗಳಿಗೆ ಒಂದೇ ವಿಧಾನ ಸಾಲದು, ಪ್ರಶ್ನೆಗೆ ತಕ್ಕಂತೆ ಹಲವನ್ನು ಜೋಡಿಸಬೇಕು ಎಂದೇ ಹೇಳುತ್ತದೆ.

ಈಗಾಗಲೇ ಇರುವ ನಮೂನೆಗಳು

ಮೊದಲಿಗೆ ಕೈಯಲ್ಲಿರುವುದನ್ನು ನೋಡುವುದು ವಾಸಿ. 2004ರಲ್ಲಿ ಆರಂಭವಾದ ಸಮಗ್ರ ರೋಗ ಸರ್ವೇಕ್ಷಣಾ ಕಾರ್ಯಕ್ರಮಕ್ಕೆ ಇಲಾಖೆಯಲ್ಲಿ ಎಲ್ಲರೂ ಹೇಳುವುದು ಐಡಿಎಸ್‌ಪಿ ಎಂದೇ. ಅದರಲ್ಲಿ ಮೂರು ನಮೂನೆಗಳು. ಉಪಕೇಂದ್ರದ ಕಾರ್ಯಕರ್ತೆ ಬರೀ ಲಕ್ಷಣ ನೋಡಿ ತುಂಬುವುದು ಎಸ್, ವೈದ್ಯಾಧಿಕಾರಿ ಪರೀಕ್ಷಿಸಿ ಇಂಥ ರೋಗವಿರಬಹುದು ಎಂದು ಬರೆಯುವುದು ಪಿ, ಪ್ರಯೋಗಾಲಯ ಖಚಿತಪಡಿಸಿದ್ದು ಎಲ್. ಮೊದಲು ವಾರಕ್ಕೊಮ್ಮೆ ಕಾಗದದಲ್ಲಿ ಹೋಗುತ್ತಿದ್ದ ಈ ಮಾಹಿತಿ ಈಗ ಐಎಚ್‌ಐಪಿ ಎಂಬ ಜಾಲತಾಣದ ಮೂಲಕ ದಿನದಿನವೂ ಹೋಗುತ್ತದೆ. 2018ರಲ್ಲಿ ಅದನ್ನು ಮೊದಲು ಬಳಸಿ ನೋಡಿದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2021ರ ಏಪ್ರಿಲ್‌ನಲ್ಲಿ ಅದು ದೇಶವಿಡೀ ಬಂತು.

ಇದರ ದೊಡ್ಡ ಗುಣವೆಂದರೆ ವ್ಯಾಪ್ತಿ. ಹೆಗ್ಗಡದೇವನಕೋಟೆಯ ಆದಿವಾಸಿ ಹಾಡಿಯೊಂದರಲ್ಲಿ ನಾಲ್ಕು ಮನೆಯ ಮಕ್ಕಳಿಗೆ ಒಟ್ಟಿಗೆ ಜ್ವರ ಬಂದರೆ ಅದು ಯಾವುದಾದರೂ ದಾಖಲೆಯಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆ ಇರುವುದು ಇಲ್ಲಿ ಮಾತ್ರ. ದೊಡ್ಡ ದೋಷವೆಂದರೆ, ಜ್ವರ ಬಂದವರು ಮೊದಲು ಹೋಗುವುದು ಮೆಡಿಕಲ್ ಶಾಪಿಗೆ, ಆಮೇಲೆ ಖಾಸಗಿ ಕ್ಲಿನಿಕ್ಕಿಗೆ. ಸರ್ಕಾರಿ ಆಸ್ಪತ್ರೆಯ ಲೆಕ್ಕಕ್ಕೆ ಅವರು ಸಿಗುವುದೇ ಇಲ್ಲ. ಇನ್ನೊಂದು ದೋಷವನ್ನು ಬಹಳ ಜನ ಗಮನಿಸುವುದಿಲ್ಲ. ಒಂದು ವಾರ ಸಂಖ್ಯೆ ಇಳಿದರೆ ಸೋಂಕು ಇಳಿಯಿತೋ ಅಥವಾ ನಮೂನೆ ತುಂಬುವವರು ಪೋಲಿಯೊ ಲಸಿಕೆಯ ಕೆಲಸಕ್ಕೋ ಚುನಾವಣೆಯ ಕೆಲಸಕ್ಕೋ ಹೋದರೋ ತಿಳಿಯುವುದಿಲ್ಲ. ಆದ್ದರಿಂದ ಜಿಲ್ಲೆಯ ಒಟ್ಟು ಸಂಖ್ಯೆ ನೋಡುವ ಮುನ್ನ ಎಷ್ಟು ಕೇಂದ್ರಗಳು ವರದಿ ಕಳಿಸಿವೆ ಎಂಬ ಕಾಲಂ ನೋಡಬೇಕು. ‘ಈ ವಾರ ಯಾರೂ ಇಲ್ಲ’ ಎಂದು ಸೊನ್ನೆ ಬರೆದು ಕಳಿಸುವುದಕ್ಕೂ ಏನನ್ನೂ ಕಳಿಸದಿರುವುದಕ್ಕೂ ಅಜಗಜಾಂತರವಿದೆ. ಜೊತೆಗೆ ಹೊರರೋಗಿಗಳ ಒಟ್ಟು ಸಂಖ್ಯೆಯನ್ನೂ ಬರೆಸಿದರೆ, ನೂರು ಜನರಲ್ಲಿ ಎಷ್ಟು ಮಂದಿಗೆ ಜ್ವರ-ಕೆಮ್ಮು ಎಂಬ ಪ್ರಮಾಣ ಸಿಗುತ್ತದೆ. ಸಂತೆಯ ದಿನ ಹೆಚ್ಚು ಜನ ಬಂದರು ಎಂಬ ಕಾರಣಕ್ಕೆ ಗಾಬರಿಯಾಗುವುದು ತಪ್ಪುತ್ತದೆ.

ಕೆಲವೇ ಆಸ್ಪತ್ರೆ, ಚೆನ್ನಾದ ಲೆಕ್ಕ

ಸೆಂಟಿನೆಲ್ ಸರ್ವೇಕ್ಷಣೆ ಎನ್ನುವುದು ಇದನ್ನೇ. ಎಲ್ಲ ಕಡೆಯಿಂದ ಅರೆಬರೆ ಮಾಹಿತಿ ತರಿಸುವುದಕ್ಕಿಂತ ಆಯ್ದ ಕೆಲವು ಆಸ್ಪತ್ರೆಗಳಲ್ಲಿ ವರ್ಷದ ಎಲ್ಲ ವಾರವೂ ಒಂದೇ ನಿಯಮದಂತೆ ಲೆಕ್ಕ ಇಡುವುದು, ನಿಗದಿತ ಸಂಖ್ಯೆಯ ರೋಗಿಗಳ ಗಂಟಲು-ಮೂಗಿನ ದ್ರವ ತೆಗೆದು ಪರೀಕ್ಷೆಗೆ ಕಳಿಸುವುದು. ಇದರಲ್ಲಿ ಎರಡು ಬಗೆ. ಮೊದಲನೆಯದು ಐಎಲ್‌ಐ, ಅಂದರೆ ಫ್ಲೂ ಮಾದರಿಯ ಕಾಯಿಲೆ: ಅಳೆದು ನೋಡಿದ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ, ಕೆಮ್ಮು, ಎರಡೂ ಕಳೆದ ಹತ್ತು ದಿನಗಳೊಳಗೆ ಶುರುವಾಗಿರಬೇಕು. ಎರಡನೆಯದು ಸಾರಿ, ಅಂದರೆ ಉಸಿರಾಟದ ತೀವ್ರ ಸೋಂಕು: ಅದೇ ಲಕ್ಷಣಗಳ ಜೊತೆಗೆ ಆಸ್ಪತ್ರೆಗೆ ದಾಖಲಾಗುವ ಅಗತ್ಯ. ಇಲ್ಲಿ ಜ್ವರ ಬಂದಿತ್ತು ಎಂದು ರೋಗಿ ಹೇಳಿದರೂ ಸಾಕು.

ಹತ್ತು ದಿನದ ಮಿತಿ, ಜ್ವರದ ಷರತ್ತು ನಮ್ಮ ಜಿಲ್ಲೆಗಳಲ್ಲಿ ಬಹಳ ಉಪಯೋಗಕ್ಕೆ ಬರುತ್ತವೆ. ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು ಹದಗೊಳಿಸುವ ಬ್ಯಾರನ್‌ಗಳು ಉರಿಯುವ ತಿಂಗಳುಗಳಲ್ಲಿ, ಮಂಡ್ಯ ಕಡೆ ಆಲೆಮನೆಗಳ ಹೊಗೆಯ ನಡುವೆ ದುಡಿಯುವವರಲ್ಲಿ ಕೆಮ್ಮು ಹೊಸದೇನಲ್ಲ. ‘ಕೆಮ್ಮು’ ಎಂದಷ್ಟೇ ಬರೆಸಿಕೊಂಡರೆ ಹೊಗೆಯ ಲೆಕ್ಕ, ದಮ್ಮಿನ ಲೆಕ್ಕ, ಸೋಂಕಿನ ಲೆಕ್ಕ ಎಲ್ಲ ಒಂದೇ ಗೂಡಿಗೆ ಬೀಳುತ್ತದೆ. ಆದರೆ ಜ್ವರದ ಷರತ್ತು ಒಂದು ಕಡೆ ಕೈಕೊಡುತ್ತದೆ. ಹಾಲುಗೂಸುಗಳ ಎದೆಗೆ ಕುತ್ತು ತರುವ ಆರ್‌ಎಸ್‌ವಿ ವೈರಾಣು ಎಷ್ಟೋ ಸಲ ಜ್ವರವನ್ನೇ ತರುವುದಿಲ್ಲ. ವಯಸ್ಸಾದವರಲ್ಲೂ ಜ್ವರ ಏಳದಿರುವುದುಂಟು. ಆರ್‌ಎಸ್‌ವಿ ಹುಡುಕುವಾಗ ವಿಶ್ವ ಆರೋಗ್ಯ ಸಂಸ್ಥೆಯೇ ಜ್ವರದ ಷರತ್ತನ್ನು ಕೈಬಿಟ್ಟಿದೆ. ಹೀಗಾಗಿ ಮೈಸೂರಿನ ಚೆಲುವಾಂಬ ಆಸ್ಪತ್ರೆಯಂಥ ತಾಯಿ-ಮಕ್ಕಳ ಆಸ್ಪತ್ರೆಗೆ ಒಂದು ವ್ಯಾಖ್ಯೆ, ಕೆ.ಆರ್. ಆಸ್ಪತ್ರೆಯ ದೊಡ್ಡವರ ವಾರ್ಡಿಗೆ ಇನ್ನೊಂದು ಇಟ್ಟುಕೊಳ್ಳುವುದೇ ಸರಿ. ಯಾವ ವ್ಯಾಖ್ಯೆ ಆದರೂ ನಡುವರ್ಷದಲ್ಲಿ ಬದಲಿಸಬಾರದು. ಬದಲಿಸಿದ ವಾರದಿಂದ ಗ್ರಾಫ್ ಏರಿದರೆ ಏರಿದ್ದು ಸೋಂಕೋ ವ್ಯಾಖ್ಯೆಯೋ ಎಂದು ಮುಂದೆ ಯಾರಿಗೂ ಗೊತ್ತಾಗುವುದಿಲ್ಲ.

ಸಾರಿ ವಿಧಾನದ ಬೆಲೆ ಏನೆಂದು 2020ರಲ್ಲಿ ಕಂಡಿತು. ವಿದೇಶದಿಂದ ಬಂದವರನ್ನು, ಅವರ ಸಂಪರ್ಕದವರನ್ನು ಮಾತ್ರ ಪರೀಕ್ಷಿಸುತ್ತಿದ್ದ ದಿನಗಳಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಬೇರೆ ಬೇರೆ ರಾಜ್ಯಗಳ ಸಾರಿ ರೋಗಿಗಳ ಮಾದರಿಗಳನ್ನೂ ನೋಡತೊಡಗಿತ್ತು. ಫೆಬ್ರವರಿ ನಡುವಿನಿಂದ ಏಪ್ರಿಲ್ 2ರವರೆಗೆ 5,911 ಜನರಲ್ಲಿ 104 ಮಂದಿಗೆ ಕೋವಿಡ್ ಇರುವುದು ತಿಳಿಯಿತು. ಅವರಲ್ಲಿ ಸುಮಾರು ಶೇ 39ರಷ್ಟು ಜನ ವಿದೇಶಕ್ಕೂ ಹೋಗಿರಲಿಲ್ಲ, ಸೋಂಕಿತರ ಸಂಪರ್ಕವೂ ಅವರಿಗೆ ಗೊತ್ತಿರಲಿಲ್ಲ. ಸೋಂಕು ಊರೊಳಗೆ ಹರಡಿದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿರಲಿಲ್ಲ. ಅದೇ ಮಾರ್ಚ್‌ನಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಸೋಂಕು ಕಂಡದ್ದು, ಅವರೂ ವಿದೇಶಕ್ಕೆ ಹೋಗದಿದ್ದದ್ದು, ಆಮೇಲೆ ಮೈಸೂರು ಜಿಲ್ಲೆಯ ಬಹುಪಾಲು ಪ್ರಕರಣಗಳು ಆ ಸರಪಣಿಗೇ ಸೇರಿದ್ದು ಈ ಭಾಗದ ಜನಕ್ಕೆ ನೆನಪಿರುತ್ತದೆ. ಸಂಪರ್ಕ ಪತ್ತೆ ಆ ಸರಪಣಿಯನ್ನು ಹಿಡಿದು ಕಟ್ಟಿಹಾಕಿತು, ಅದು ನಿಜ. ಆದರೆ ಸರಪಣಿಯ ಮೊದಲ ಕೊಂಡಿ ಕಾಣಬೇಕಾದರೆ ಪ್ರಯಾಣದ ಪ್ರಶ್ನೆ ಕೇಳದೆ ಎಲ್ಲ ನ್ಯುಮೋನಿಯಾ ರೋಗಿಗಳನ್ನೂ ಪರೀಕ್ಷಿಸುವ ವ್ಯವಸ್ಥೆ ಮೊದಲೇ ಇರಬೇಕು. 2025ರ ಜನವರಿಯಲ್ಲಿ ಬೆಂಗಳೂರಿನ ಇಬ್ಬರು ಶಿಶುಗಳಲ್ಲಿ ಎಚ್‌ಎಂಪಿವಿ ಕಂಡದ್ದು ಇಂಥದೇ ದಿನನಿತ್ಯದ ಪರೀಕ್ಷೆಯಿಂದ. ಅದು ಹೊಸ ವೈರಾಣು ಎಂದು ಸುದ್ದಿವಾಹಿನಿಗಳು ಬೊಬ್ಬೆ ಹಾಕಿದವು. ಅದು ಮೊದಲಿನಿಂದಲೂ ಇದ್ದ ವೈರಾಣು, ಹುಡುಕಿದ್ದರಿಂದ ಸಿಕ್ಕಿತು.

ತೊಡಕುಗಳೂ ಇವೆ. ಮೈಸೂರು ವೈದ್ಯಕೀಯ ಕಾಲೇಜಿನ ವೈರಾಣು ಪ್ರಯೋಗಾಲಯ, ಮಂಡ್ಯದ ವೈದ್ಯಕೀಯ ಕಾಲೇಜು ಮಿಮ್ಸ್ ಎರಡೂ ಹತ್ತಿರದಲ್ಲೇ ಇವೆಯಾದರೂ, ತೆಗೆದ ಮಾದರಿಯನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಟ್ಟು 72 ಗಂಟೆಯೊಳಗೆ ತಲುಪಿಸಬೇಕು. ಶುಕ್ರವಾರ ಸಂಜೆ ತೆಗೆದ ಸ್ವ್ಯಾಬ್ ಸೋಮವಾರ ಬೆಳಗ್ಗೆ ಹೊರಟರೆ ಆ ಮಿತಿ ಬಹುತೇಕ ಮುಗಿದಂತೆ. ಇನ್ನೊಂದು, ದೊಡ್ಡಾಸ್ಪತ್ರೆಯ ಸಂಖ್ಯೆ ಆ ಊರಿನ ಸಂಖ್ಯೆಯಲ್ಲ. ಕೆ.ಆರ್. ಆಸ್ಪತ್ರೆಗೆ ಚಾಮರಾಜನಗರ, ಕೊಡಗು, ಮಂಡ್ಯದಿಂದಲೂ ರೋಗಿಗಳು ಬರುತ್ತಾರೆ. ರೋಗಿಯ ಊರು, ತಾಲ್ಲೂಕು ಬರೆದುಕೊಳ್ಳದಿದ್ದರೆ ಹನೂರಿನ ಸೋಂಕನ್ನು ಮೈಸೂರಿನ ತಲೆಗೆ ಕಟ್ಟಿದಂತಾಗುತ್ತದೆ.

ಸಣ್ಣ ಸಂಖ್ಯೆಯ ಆಟವನ್ನೂ ತಿಳಿದಿರಬೇಕು. ತಾಲ್ಲೂಕು ಆಸ್ಪತ್ರೆಯೊಂದು ವಾರಕ್ಕೆ ಹತ್ತು ಮಾದರಿ ಕಳಿಸುತ್ತದೆ, ನಿಜವಾದ ಫ್ಲೂ ಪ್ರಮಾಣ ಶೇ 20 ಎಂದುಕೊಳ್ಳಿ. ಸರಾಸರಿ ಎರಡು ಪಾಸಿಟಿವ್ ಬರಬೇಕು. ಆದರೆ ಏನೂ ಬದಲಾಗದಿದ್ದರೂ, ಬರೀ ಆಕಸ್ಮಿಕದಿಂದಲೇ, ಸುಮಾರು ಹತ್ತು ವಾರಕ್ಕೊಮ್ಮೆ ಸೊನ್ನೆ ಬರುತ್ತದೆ, ಹೆಚ್ಚು ಕಡಿಮೆ ಅಷ್ಟೇ ಸಲ ನಾಲ್ಕೂ ಬರುತ್ತದೆ. ಸೊನ್ನೆಯಿಂದ ನಾಲ್ಕಕ್ಕೆ ಜಿಗಿದದ್ದನ್ನು ನೋಡಿ ಪತ್ರಿಕಾಗೋಷ್ಠಿ ಕರೆಯುವ ಮುನ್ನ ಮೂರು ವಾರಗಳನ್ನು ಕೂಡಿಸಿ ನೋಡಬೇಕು, ಇಲ್ಲವೇ ಅಕ್ಕಪಕ್ಕದ ತಾಲ್ಲೂಕುಗಳನ್ನು ಸೇರಿಸಿ ನೋಡಬೇಕು. ಮಾದರಿಗಾಗಿ ರೋಗಿಗಳನ್ನು ಆರಿಸುವುದೂ ವೈದ್ಯರ ಇಷ್ಟಕ್ಕೆ ಬಿಟ್ಟದ್ದಾಗಬಾರದು. ಆ ದಿನದ ಮೊದಲ ಇಬ್ಬರು ಅಥವಾ ಪ್ರತಿ ಐದನೆಯವರು ಎಂಬಂಥ ನಿಯಮವಿರಲಿ. ಇಲ್ಲದಿದ್ದರೆ ಹೆಚ್ಚು ನರಳುವವರದ್ದು, ಹೆಚ್ಚು ಒತ್ತಾಯಿಸುವವರದ್ದು ಮಾತ್ರ ಪ್ರಯೋಗಾಲಯ ಸೇರುತ್ತದೆ.

ಚರಂಡಿ ನೀರಿನ ಪರೀಕ್ಷೆ

ಈಗ ಎಲ್ಲರ ಬಾಯಲ್ಲಿರುವ ವಿಧಾನ ಇದು. ಸೋಂಕಿತರ ಮಲದಲ್ಲಿ ಕೊರೊನಾ ವೈರಾಣುವಿನ ತುಣುಕುಗಳು ಹೊರಬೀಳುತ್ತವೆ, ಒಳಚರಂಡಿಯ ನೀರಿನಲ್ಲಿ ಅವನ್ನು ಪಿಸಿಆರ್ ಮೂಲಕ ಅಳೆಯಬಹುದು. ನೆದರ್ಲೆಂಡ್ಸ್‌ನಲ್ಲಿ 2020ರ ಆರಂಭದಲ್ಲೇ ಇದನ್ನು ಮಾಡಿ ತೋರಿಸಿದರು. ಬೆಂಗಳೂರಿನಲ್ಲೂ ಕೋವಿಡ್ ಕಾಲದಲ್ಲಿ ಇದು ನಡೆಯಿತು. ಆಸ್ಪತ್ರೆಗೆ ಹೋದವರು, ಹೋಗದವರು, ಲಕ್ಷಣವೇ ಇಲ್ಲದವರು ಎಲ್ಲರೂ ಈ ಲೆಕ್ಕಕ್ಕೆ ಸಿಗುತ್ತಾರೆ. ಪರೀಕ್ಷಾ ಕಿಟ್ ಕೊರತೆ, ಖಾಸಗಿ ಕ್ಲಿನಿಕ್ಕಿನ ಮೌನ ಇವು ಯಾವುವೂ ಅಡ್ಡಬರುವುದಿಲ್ಲ. ಆಸ್ಪತ್ರೆಯ ಸಂಖ್ಯೆ ಏರುವುದಕ್ಕಿಂತ ಕೆಲವು ದಿನ ಮೊದಲೇ ಸುಳಿವು ಸಿಗುವುದೂ ಉಂಟು.

ರೋಗಿಯನ್ನು ನೋಡದೆ ರೋಗದ ಸುಳಿವು ಹಿಡಿಯುವುದು ಮೈಸೂರು ಸೀಮೆಗೆ ಹೊಸದಲ್ಲ. ಪ್ಲೇಗಿನ ಕಾಲದಲ್ಲಿ ಮನೆಯಲ್ಲಿ ಇಲಿ ಬಿತ್ತೆಂದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಮನುಷ್ಯರಿಗೆ ಗಡ್ಡೆ ಏಳುವ ಮೊದಲೇ ಇಲಿ ಸುದ್ದಿ ಕೊಡುತ್ತಿತ್ತು. ಆ ಪ್ಲೇಗಿನ ಪೆಟ್ಟಿನಿಂದಲೇ 1903ರಲ್ಲಿ ಮೈಸೂರು ನಗರಾಭಿವೃದ್ಧಿಗೆ ಪ್ರತ್ಯೇಕ ಮಂಡಳಿ ಹುಟ್ಟಿತು, ಅಗಲ ಬೀದಿಗಳೂ ಚರಂಡಿಗಳೂ ಬಂದವು. ಇವತ್ತು ಅದೇ ನಗರದ ಒಳಚರಂಡಿ ವಿದ್ಯಾರಣ್ಯಪುರಂ, ರಾಯನಕೆರೆ, ಕೆಸರೆಯ ಸಂಸ್ಕರಣಾ ಘಟಕಗಳಿಗೆ ಹರಿಯುತ್ತದೆ. ಮೂರು ಕಡೆ ವಾರಕ್ಕೆ ಎರಡು ಸಲ ಮಾದರಿ ತೆಗೆದರೆ ನಗರದ ಬಹುಭಾಗದ ಚಿತ್ರ ಸಿಗುತ್ತದೆ ಎಂಬುದು ಸಣ್ಣ ಮಾತಲ್ಲ.

ಇನ್ನು ಸೂಕ್ಷ್ಮಗಳು. ಒಂದು ಬಕೆಟ್ ಅದ್ದಿ ತೆಗೆದ ನೀರು ಆ ಕ್ಷಣದ್ದು ಮಾತ್ರ. 24 ಗಂಟೆ ಸ್ವಲ್ಪಸ್ವಲ್ಪವೇ ಸಂಗ್ರಹಿಸಿದ್ದು ನಂಬಿಕೆಗೆ ಅರ್ಹ. ಮಳೆ ಬಂದ ದಿನ ನೀರು ತೆಳುವಾಗಿ ವೈರಾಣು ಕಡಿಮೆಯಾದಂತೆ ಕಾಣುತ್ತದೆ. ಇದನ್ನು ಸರಿದೂಗಿಸಲು ವಿಜ್ಞಾನಿಗಳು ಹಿಡಿದ ಉಪಾಯ ನನಗೆ ಬಹಳ ಇಷ್ಟ. ಮೆಣಸಿನ ಗಿಡಕ್ಕೆ ತಗಲುವ ಪೆಪ್ಪರ್ ಮೈಲ್ಡ್ ಮಾಟಲ್ ಎಂಬ ವೈರಾಣು ನಾವು ತಿನ್ನುವ ಮೆಣಸಿನಕಾಯಿಯ ಜೊತೆ ಹೊಟ್ಟೆ ಸೇರಿ, ನಮಗೇನೂ ಮಾಡದೆ ಹಾಗೆಯೇ ಹೊರಬೀಳುತ್ತದೆ. ಚರಂಡಿಯಲ್ಲಿ ಅದು ಎಷ್ಟಿದೆ ಎಂದು ಅಳೆದರೆ ಅದರಲ್ಲಿ ಮನುಷ್ಯರ ಮಲದ ಪಾಲು ಎಷ್ಟು ಎಂದು ಅಂದಾಜಾಗುತ್ತದೆ. ಸಾರಿಗೆ ಖಾರದಪುಡಿ ಹಾಕುವ ಈ ನಾಡಿನಲ್ಲಿ ಅದಕ್ಕೆ ಬರವಿರಲಾರದು.

ಆದರೂ ಈ ವಿಧಾನವನ್ನು ಮೈಸೂರು ನಗರದಾಚೆ ಒಯ್ಯಲು ಹೊರಟವರನ್ನು ನಾನು ತಡೆಯುತ್ತೇನೆ. ಹಳ್ಳಿಗಳಲ್ಲಿ ಶೌಚಾಲಯದ ನೀರು ಹೋಗುವುದು ಗುಂಡಿಗೆ. ಜಾಲವೇ ಇಲ್ಲದ ಕಡೆ ಜಾಲದ ತುದಿಯಲ್ಲಿ ನಿಂತು ಅಳೆಯಲಾಗದು. ನಗರದಲ್ಲೂ ಯಾವ ವಯಸ್ಸಿನವರಿಗೆ ಬಂತು, ಎಷ್ಟು ಜೋರಾಗಿದೆ, ಎಷ್ಟು ಹಾಸಿಗೆ ಬೇಕು ಎಂಬುದನ್ನು ಚರಂಡಿ ಹೇಳುವುದಿಲ್ಲ. ಫ್ಲೂ, ಆರ್‌ಎಸ್‌ವಿ ವೈರಾಣುಗಳೂ ಅದರಲ್ಲಿ ಸಿಗುತ್ತವಾದರೂ ಕೊರೊನಾದಷ್ಟು ಸಲೀಸಾಗಿ ಸಿಗುವುದಿಲ್ಲ. ದಸರೆಯ ಹತ್ತು ದಿನ ಲಾಡ್ಜ್‌ಗಳಲ್ಲಿ ತಂಗಿದವರ ಪಾಲೂ ಅದರಲ್ಲಿ ಸೇರುತ್ತದೆ. ಹಬ್ಬದ ಸಂದಣಿಯ ಪ್ರಭಾವ ನೋಡಬೇಕೆನ್ನುವವರಿಗೆ ಅದು ಲಾಭ, ಮೈಸೂರಿಗರ ಆರೋಗ್ಯ ಮಾತ್ರ ಬೇಕೆನ್ನುವವರಿಗೆ ಗೊಂದಲ.

ಉಳಿದವು

ಕ್ಷಯವನ್ನು ಈ ಹೋಲಿಕೆಯಿಂದ ಹೊರಗಿಡಿ. ಅದೂ ಉಸಿರಿನಿಂದ ಹರಡುವುದೇ. ಆದರೆ ಅದರ ನಡೆ ತಿಂಗಳು-ವರ್ಷಗಳದ್ದು, ವಾರದ ಏರಿಳಿತ ನೋಡಿ ಪ್ರಯೋಜನವಿಲ್ಲ. ಅಲ್ಲಿ ಒಬ್ಬೊಬ್ಬ ರೋಗಿಯನ್ನೂ ಹೆಸರು ಹಿಡಿದು ದಾಖಲಿಸಿ ಔಷಧ ಮುಗಿಸುವಂತೆ ನೋಡಿಕೊಳ್ಳಬೇಕು. 2012ರಿಂದ ಕ್ಷಯದ ಪ್ರತಿ ಪ್ರಕರಣವನ್ನೂ ಖಾಸಗಿ ವೈದ್ಯರು ಸೇರಿದಂತೆ ಎಲ್ಲರೂ ವರದಿ ಮಾಡುವುದು ಕಡ್ಡಾಯ, ಅದಕ್ಕೆ ನಿಕ್ಷಯ್ ಎಂಬ ಜಾಲತಾಣ ಇದೆ. ಎರಡು ವಾರ ಮೀರಿದ ಕೆಮ್ಮನ್ನು ಐಎಲ್‌ಐ ಕಾಲಂಗೆ ತಳ್ಳದೆ ಕಫ ಪರೀಕ್ಷೆಗೆ ಕಳಿಸಿ.

ರಕ್ತದಲ್ಲಿ ಪ್ರತಿಕಾಯ ಹುಡುಕುವ ಸೀರೊ ಸಮೀಕ್ಷೆ ಕಳೆದುಹೋದದ್ದನ್ನು ಹೇಳುತ್ತದೆ. ರಾಷ್ಟ್ರಮಟ್ಟದ ಮೊದಲ ಕೋವಿಡ್ ಸಮೀಕ್ಷೆಯಲ್ಲಿ, 2020ರ ಮೇ-ಜೂನ್‌ನಲ್ಲಿ, ಶೇ 0.73ರಷ್ಟು ಜನರಲ್ಲಿ ಪ್ರತಿಕಾಯ ಕಂಡರೆ, 2021ರ ಜೂನ್-ಜುಲೈನ ನಾಲ್ಕನೆಯದರಲ್ಲಿ ಶೇ 67.6ಕ್ಕೆ ಏರಿತ್ತು. ಎಷ್ಟು ಜನರನ್ನು ಸೋಂಕು ಮುಟ್ಟಿ ಹೋಯಿತು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಮುಂದಿನ ವಾರಕ್ಕೆ ಏನು ಮಾಡಬೇಕು ಎನ್ನುವುದಕ್ಕೆ ಇದರಿಂದ ಉತ್ತರವೇ ಇಲ್ಲ. ವೈರಾಣುವಿನ ವಂಶವಾಹಿ ವಿಶ್ಲೇಷಣೆಯೂ ಅಷ್ಟೇ. 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಕರ್ನಾಟಕದಲ್ಲಿ ಖಚಿತವಾದದ್ದು ಅದರಿಂದಲೇ. ಆದರೆ ಅದು ತಳಿ ಹೇಳುವ ವಿಧಾನ, ಎಣಿಸುವ ವಿಧಾನವಲ್ಲ. ಜಿಲ್ಲೆ ಅದನ್ನು ತಾನೇ ಕಟ್ಟಿಕೊಳ್ಳಬೇಕಿಲ್ಲ, ಸಾರಿ ಮಾದರಿಗಳಲ್ಲಿ ಒಂದು ಪಾಲನ್ನು ಬೆಂಗಳೂರಿಗೆ ಕಳಿಸಿದರೆ ಸಾಕು.

ಅಂತರ್ಜಾಲದ ಹುಡುಕಾಟದಿಂದ ಫ್ಲೂ ಅಂದಾಜಿಸುತ್ತೇನೆಂದು 2008ರಲ್ಲಿ ಹೊರಟ ಗೂಗಲ್ ಫ್ಲೂ ಟ್ರೆಂಡ್ಸ್ 2009ರ ಎಚ್1ಎನ್1ನ ಮೊದಲ ಅಲೆಯನ್ನು ಕಾಣದೆ ಹೋಯಿತು, 2012-13ರಲ್ಲಿ ಇದ್ದದ್ದಕ್ಕಿಂತ ವಿಪರೀತ ಹೆಚ್ಚು ತೋರಿಸಿತು, 2015ರಲ್ಲಿ ಬಾಗಿಲು ಹಾಕಿತು. ಹುಡುಕುವವರಿಗೆಲ್ಲ ಜ್ವರವಿರುವುದಿಲ್ಲ, ಟಿವಿ ನೋಡಿ ಹೆದರಿದವರೂ ಹುಡುಕುತ್ತಾರೆ. ಮೆಡಿಕಲ್ ಶಾಪಿನ ಪ್ಯಾರಾಸಿಟಮಾಲ್ ಮಾರಾಟಕ್ಕೂ ಇದೇ ಮಾತು ಹೊಂದುತ್ತದೆ, ಜೊತೆಗೆ ಡೆಂಗಿ, ಚಿಕೂನ್‌ಗುನ್ಯಾ ಇರುವ ತಿಂಗಳಲ್ಲಿ ಆ ಸಂಖ್ಯೆಗೆ ಅರ್ಥವೇ ಉಳಿಯುವುದಿಲ್ಲ. ಹಾಜರಿ ಪುಸ್ತಕ ಇವೆರಡಕ್ಕಿಂತ ಎಷ್ಟೋ ವಾಸಿ, ಆದರೆ ಸುತ್ತುಗೋಡೆ ಇರುವ ಕಡೆ ಮಾತ್ರ: ವಸತಿ ಶಾಲೆ, ಹಾಸ್ಟೆಲ್, ಕಾರ್ಖಾನೆ.

ಹಾಗಾದರೆ ಯಾರಿಗೆ ಯಾವುದು

ಮೈಸೂರು ನಗರಕ್ಕೆ ನನ್ನ ಆಯ್ಕೆ ಸಾರಿ ಸೆಂಟಿನೆಲ್ ಜೊತೆಗೆ ಚರಂಡಿ ಪರೀಕ್ಷೆ. ಒಂದು ತೀವ್ರತೆಯನ್ನು, ವೈರಾಣುವಿನ ಹೆಸರನ್ನು ಹೇಳುತ್ತದೆ, ಇನ್ನೊಂದು ಏರಿಕೆಯನ್ನು ಬೇಗ ಹೇಳುತ್ತದೆ. ಹಣ ಒಂದಕ್ಕೇ ಇದ್ದರೆ ಸಾರಿ. ಚರಂಡಿಯ ಗ್ರಾಫ್ ಏರಿದಾಗ ಯಾವ ವಾರ್ಡಿಗೆ ಯಾರನ್ನು ಕಳಿಸಬೇಕು ಎಂಬ ನಿರ್ಧಾರ ಮೊದಲೇ ಆಗಿರದಿದ್ದರೆ ಅದಕ್ಕೆ ಖರ್ಚು ಮಾಡಲೇಬೇಡಿ.

ಹೆಗ್ಗಡದೇವನಕೋಟೆ, ಸರಗೂರಿನ ಹಾಡಿಗಳ ಕಡೆ ಪ್ರಯೋಗಾಲಯ ದೂರ, ಮೊಬೈಲ್ ಸಂಕೇತವೂ ಎಲ್ಲ ಕಡೆ ಸಿಗುವುದಿಲ್ಲ. ಅಲ್ಲಿ ಅಂಕಿಗಿಂತ ಸುದ್ದಿ ಮುಖ್ಯ. ಒಂದೇ ಹಾಡಿಯಲ್ಲಿ ಒಂದೇ ವಾರ ಹಲವರಿಗೆ ಜ್ವರ-ಕೆಮ್ಮು, ಅಥವಾ ಉಸಿರಾಟದ ತೊಂದರೆಯಿಂದ ಒಂದು ಸಾವು, ಇವೆರಡರಲ್ಲಿ ಯಾವುದಾದರೂ ಕಿವಿಗೆ ಬಿದ್ದ ದಿನವೇ ಆಶಾ ಕಾರ್ಯಕರ್ತೆ ಫೋನ್ ಮಾಡಬೇಕು ಎಂಬ ಒಂದೇ ನಿಯಮ ಸಾಕು. ಆ ಸುದ್ದಿ ಸುಳ್ಳಾದಾಗ ಆಕೆಯನ್ನು ಗದರಿಸಿದರೆ ಮುಂದಿನ ಸಲ ನಿಜವಾದ ಸುದ್ದಿಯೂ ಬರುವುದಿಲ್ಲ.

ಮಂಡ್ಯದಲ್ಲಿ ಕಬ್ಬು ಅರೆಯುವ ಕಾಲಕ್ಕೆ ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಂದ ಕಡಿಯುವವರೂ ಆಲೆಮನೆಯ ಕೆಲಸದವರೂ ಬಂದು ಸೇರುತ್ತಾರೆ. ಅವರು ಯಾವ ಉಪಕೇಂದ್ರದ ಪಟ್ಟಿಯಲ್ಲೂ ಇರುವುದಿಲ್ಲ, ಕುಟುಂಬ ಸಮೀಕ್ಷೆಯಲ್ಲೂ ಸಿಗುವುದಿಲ್ಲ. ಎಸ್ ನಮೂನೆಯನ್ನು ಮನೆಗಳ ಪಟ್ಟಿಗೆ ಕಟ್ಟಿಹಾಕದೆ ಆ ತಿಂಗಳುಗಳಲ್ಲಿ ಬಿಡಾರಗಳಿಗೂ ಒಂದು ಸಾಲು ಸೇರಿಸುವುದು ಹೊಸ ಯಂತ್ರ ತರುವುದಕ್ಕಿಂತ ಅಗ್ಗ. ಅದರ ಜೊತೆ ಮದ್ದೂರು, ಮಳವಳ್ಳಿ, ಪಾಂಡವಪುರದಂಥ ಎರಡು-ಮೂರು ತಾಲ್ಲೂಕು ಆಸ್ಪತ್ರೆಗಳಲ್ಲಿ ಸಾರಿ ಮಾದರಿ ತೆಗೆದು ಮಿಮ್ಸ್‌ಗೆ ಕಳಿಸಿದರೆ ಜಿಲ್ಲೆಯ ಚಿತ್ರ ಮಟ್ಟಸವಾಗಿ ಸಿಗುತ್ತದೆ.

ಕಾರ್ಖಾನೆ, ಹಾಸ್ಟೆಲ್‌ಗಳವರು ದಿನದ ಗೈರುಹಾಜರಿಯಲ್ಲಿ ಜ್ವರದ ಕಾರಣಕ್ಕೆ ರಜೆ ಹಾಕಿದವರನ್ನು ಬೇರೆ ಬರೆಯಲಿ. ಸಾಮಾನ್ಯ ದಿನಗಳಲ್ಲಿ ಎಷ್ಟಿರುತ್ತದೆ ಎಂದು ತಿಳಿದಿದ್ದರೆ ಅದು ಇಮ್ಮಡಿಯಾದ ದಿನ ಆರೋಗ್ಯ ಕೇಂದ್ರಕ್ಕೆ ತಿಳಿಸಬಹುದು. ರಜೆಗೆ ಸಂಬಳ ಕಡಿಯುವ ಕಡೆ ಮಾತ್ರ ಈ ಲೆಕ್ಕ ನಡೆಯದು. ಜ್ವರ ಇದ್ದವರೂ ಕೆಲಸಕ್ಕೆ ಬರುತ್ತಾರೆ, ಪುಸ್ತಕದಲ್ಲಿ ಎಲ್ಲರೂ ಆರೋಗ್ಯವಂತರು.

ಇಷ್ಟರಲ್ಲಿ ಯಾವುದನ್ನು ಆರಿಸಿದರೂ ಯೋಜನೆ ಬರೆಯುವಾಗ ಮಾದರಿ ಕಳಿಸುವವರ ಹೆಸರಿನ ಜೊತೆಗೆ ಫಲಿತಾಂಶ ಹಿಂತಿರುಗಿಸುವವರ ಹೆಸರನ್ನೂ ಬರೆಯಿರಿ. ಮಂಗಳವಾರ ಮಳವಳ್ಳಿಯಿಂದ ಹೊರಟ ಸ್ವ್ಯಾಬ್‌ಗಳ ಫಲಿತಾಂಶ ಮುಂದಿನ ಸೋಮವಾರದೊಳಗೆ ಮಳವಳ್ಳಿಗೆ ಮರಳದಿದ್ದರೆ, ಕೆಲವೇ ತಿಂಗಳಲ್ಲಿ ಅಲ್ಲಿನ ಶುಶ್ರೂಷಾಧಿಕಾರಿ ಸ್ವ್ಯಾಬ್ ತೆಗೆಯುವುದನ್ನು ಬಿಡುತ್ತಾರೆ, ಪಟ್ಟಿಯಲ್ಲಿ ಮಾತ್ರ ಹತ್ತು ಎಂದು ಬರುತ್ತಿರುತ್ತದೆ.